ಬಳಸಿದ ಪಿಯಾನೋ ಕೊಳ್ಳುವಾಗ ಅಂಗಡಿಯವರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ

ಮಗಳಿಗೆ ಈಗ 11 ವರ್ಷ. ಮೂರು ವರ್ಷಗಳಿಂದ ಡಿಜಿಟಲ್ ಕೀಬೋರ್ಡಿನಲ್ಲಿ ಪಿಯಾನೋ ಕಲಿಯುತ್ತಿದ್ದಾಳೆ. ಕಳೆದ ತಿಂಗಳು ಅವಳ ಗುರುಗಳು ನನ್ನನ್ನು ಕರೆದು, "ಇವಳ ಬೆರಳು ಈಗ ಕೇಳುತ್ತಿರುವುದನ್ನು ಈ ಕೀಬೋರ್ಡ್ ಕೊಡಲಾರದು, ನಿಜವಾದ ಪಿಯಾನೋ ಬೇಕು" ಎಂದರು. ಹೊಸದನ್ನು ಕೊಳ್ಳುವಷ್ಟು ಶಕ್ತಿ ನಮಗಿಲ್ಲ. ಹಾಗಾಗಿ ನಾಲ್ಕು ವಾರಗಳಿಂದ ಬಳಸಿದ ಪಿಯಾನೋಗಳನ್ನು ನೋಡುತ್ತಿದ್ದೇವೆ.

ಎರಡನೆಯ ಅಂಗಡಿಯಲ್ಲಿ ಕಪ್ಪು ಬಣ್ಣದ ಎತ್ತರದ ಅಪ್‌ರೈಟ್, ಅಂದರೆ ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೋ, ಒಂದಿತ್ತು. ಮುಖ ಕಾಣುವಷ್ಟು ಪಾಲಿಶ್. ಮೂವತ್ತು ವರ್ಷ ಹಳೆಯದಾದರೂ ಪೂರ್ತಿ ರೀಬಿಲ್ಡ್ ಮಾಡಿದ್ದೇವೆ ಎಂದರು. ಮಗಳು ನುಡಿಸುವಾಗ ಮೇಲಿನ ಸ್ಥಾಯಿಯಲ್ಲಿ ಎರಡು ಸ್ವರಗಳು ಅಲೆ ಅಲೆಯಾಗಿ ಕೇಳಿಸಿದವು. "ಮನೆಗೆ ಬಂದ ಮೇಲೆ ಎರಡು ಸಲ ಟ್ಯೂನ್ ಮಾಡಿದರೆ ಸರಿಹೋಗುತ್ತದೆ" ಎಂದರು. ಒಳಗೆ ನೋಡಬಹುದೇ ಎಂದು ಕೇಳಿದೆ. ಮೇಲಿನ ಮುಚ್ಚಳವನ್ನು ಒಂದು ಗಳಿಗೆ ಎತ್ತಿ ಇಳಿಸಿದರು. ಕೆಳಗಿನ ಹಲಗೆಯನ್ನು ತಂತ್ರಜ್ಞರಿಲ್ಲದೆ ಬಿಚ್ಚಲು ಬರುವುದಿಲ್ಲವಂತೆ. ಸಂಜೆ ಇನ್ನೊಬ್ಬರು ನೋಡಲು ಬರುತ್ತಾರೆ, ಬೇಕಿದ್ದರೆ ಈಗಲೇ ಮುಂಗಡ ಕೊಟ್ಟುಬಿಡಿ ಎಂದಾಗ ನನ್ನ ಕೈ ಚೀಲಕ್ಕೆ ಹೋಗಿತ್ತು. ಮಗಳು ಕಿವಿಯ ಹತ್ತಿರ ಬಂದು, "ಅಮ್ಮಾ, ಆ ಎರಡು ಕೀಗಳು ಅಳುತ್ತಿವೆ" ಎಂದಳು. ಕೈ ಹಿಂದಕ್ಕೆ ಬಂತು.

ಮೂರನೆಯದು ಚಿಕ್ಕ ಅಂಗಡಿ. ಅಲ್ಲಿನ ಪಿಯಾನೋ 121 ಸೆಂಟಿಮೀಟರ್ ಎತ್ತರದ್ದು, ಬದಿಯಲ್ಲಿ ಗೀರುಗಳಿವೆ, ನಾದ ಮಾತ್ರ ಮೆತ್ತಗಿದೆ. ಅಂಗಡಿಯ ಹಿರಿಯರು ಹೆಚ್ಚು ಮಾತನಾಡುವುದಿಲ್ಲ. ಅದು ಪ್ರಾಮಾಣಿಕತೆಯೋ ಬರೀ ಸ್ವಭಾವವೋ ನನಗೆ ತಿಳಿಯಲಿಲ್ಲ. ಹೊರಗಿನ ತಂತ್ರಜ್ಞರನ್ನು ಕರೆದುಕೊಂಡು ಹೋದರೆ ಅವರಿಗೆ ಅವಮಾನವಾದೀತೇ? ಯಾರನ್ನು ನಂಬಬೇಕೆಂದು ನೀವೆಲ್ಲ ಹೇಗೆ ನಿರ್ಧರಿಸಿದಿರಿ?

ಉತ್ತರ 1

ನಾನು 24 ವರ್ಷಗಳಿಂದ ಪಿಯಾನೋಗಳಿಗೆ ಶ್ರುತಿ ಕೂಡಿಸುವ, ದುರಸ್ತಿ ಮಾಡುವ ಕೆಲಸದಲ್ಲಿದ್ದೇನೆ. ಅಂಗಡಿ ಇಟ್ಟಿಲ್ಲ, ಪಿಯಾನೋ ಮಾರುವುದಿಲ್ಲ.

ಮೊದಲು ನಿಮ್ಮ ಮಗಳ ಕಿವಿಯನ್ನು ನಂಬಿ. ಮೇಲಿನ ಸ್ಥಾಯಿಯಲ್ಲಿ ಒಂದು ಕೀಗೆ ಮೂರು ತಂತಿಗಳಿರುತ್ತವೆ. ಸುತ್ತಿಗೆ ಮೂರನ್ನೂ ಒಟ್ಟಿಗೆ ಹೊಡೆಯುತ್ತದೆ. ಮೂರರಲ್ಲಿ ಒಂದು ಕೂದಲೆಳೆಯಷ್ಟು ಇಳಿದರೂ ನಾದ ಅಲೆಯಾಡುತ್ತದೆ. ಅವಳಿಗೆ ಅಳುವಾಗಿ ಕೇಳಿಸಿದ್ದು ಅದೇ. ಶ್ರುತಿ ಕೂಡಿಸಿ ಬಹಳ ದಿನಗಳಾಗಿದ್ದರೆ ಇದು ದೋಷವೇ ಅಲ್ಲ. ಆದರೆ ಮಾರಲು ಪಾಲಿಶ್ ಹಾಕಿ ಸಿಂಗರಿಸಿ ನಿಲ್ಲಿಸಿದ ಪಿಯಾನೋಗೆ ಶ್ರುತಿ ಕೂಡಿಸದೆ ಬಿಟ್ಟಿರುತ್ತಾರೆಯೇ? ಕೊನೆಯ ಸಲ ಯಾವಾಗ ಟ್ಯೂನ್ ಮಾಡಿದಿರಿ ಎಂದು ಕೇಳಬೇಕಿತ್ತು. "ಹೋದ ವಾರ" ಎಂದಿದ್ದರೆ ಅಲ್ಲಿಂದ ಎದ್ದು ಬರಬಹುದಿತ್ತು.

ಏಕೆಂದು ಹೇಳುತ್ತೇನೆ. 88 ಕೀಗಳಿಗೆ ಸುಮಾರು 230 ತಂತಿಗಳು. ಎಲ್ಲದರ ಬಿಗಿತ ಒಟ್ಟು ಸೇರಿದರೆ 18ರಿಂದ 20 ಟನ್ ಆಗುತ್ತದೆ. ಆ ಭಾರವನ್ನು ಹೊರಲು ಎರಕದ ಕಬ್ಬಿಣದ ಚೌಕಟ್ಟಿದೆ, ನಿಜ. ಆದರೆ ಒಂದೊಂದು ತಂತಿಯೂ ತನ್ನ ಶ್ರುತಿಯಲ್ಲಿ ನಿಲ್ಲುವುದು ಟ್ಯೂನಿಂಗ್ ಪಿನ್ ಎಂಬ ಉಕ್ಕಿನ ಗೂಟದಿಂದ. ಆ ಗೂಟ ಗಟ್ಟಿಮರದ ಹಲಗೆಯ ತೂತಿನಲ್ಲಿ ಬರೀ ಬಿಗಿತದ ಮೇಲೆ ಕುಳಿತಿರುತ್ತದೆ. ಅದನ್ನು ಹಿಡಿದಿಡಲು ನಟ್ ಇಲ್ಲ, ಬೀಗ ಇಲ್ಲ. ಮರ ಒಣಗಿ ತೂತು ಸಡಿಲವಾದರೆ ಎಷ್ಟು ಸಲ ಟ್ಯೂನ್ ಮಾಡಿಸಿದರೂ ಶ್ರುತಿ ನಿಲ್ಲುವುದಿಲ್ಲ.

ಒಂದು ಮನೆಯವರು ಹೀಗೆಯೇ ಹೊಳೆಯುವ ಪಿಯಾನೋ ಕೊಂಡು ನನ್ನನ್ನು ಕರೆದಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುಳಿತು ಶ್ರುತಿ ಕೂಡಿಸಿ ಬಂದೆ. ಹತ್ತು ದಿನಕ್ಕೆ ಮತ್ತೆ ಫೋನ್. ಎರಡನೆಯ ಸಲ ಮುಂದಿನ ಹಲಗೆ ತೆಗೆದು ಟಾರ್ಚ್ ಹಿಡಿದು ಪಿನ್‌ಗಳನ್ನೇ ನೋಡುತ್ತಾ ಹೋದೆ. ಆರೋಗ್ಯವಾಗಿರುವ ಪಿಯಾನೋದಲ್ಲಿ ಪಿನ್‌ಗೆ ಸುತ್ತಿದ ತಂತಿಯ ಸುರುಳಿಗೂ ಕಬ್ಬಿಣದ ಚೌಕಟ್ಟಿಗೂ ನಡುವೆ ಕೆಲವು ಮಿಲಿಮೀಟರ್ ಸಂದು ಇರುತ್ತದೆ. ಇಲ್ಲಿ ಸುರುಳಿಗಳು ಕಬ್ಬಿಣಕ್ಕೆ ಅಂಟಿಕೊಂಡು ಕುಳಿತಿದ್ದವು. ಯಾರೋ ಸಡಿಲವಾದ ಪಿನ್‌ಗಳನ್ನೆಲ್ಲ ಒಳಕ್ಕೆ ಬಡಿದು, ಮಾರುವ ದಿನದ ಮಟ್ಟಿಗೆ ಹಿಡಿದು ನಿಲ್ಲುವಂತೆ ಮಾಡಿದ್ದರು. ಲಿವರ್ ಹಾಕಿ ತಿರುಗಿಸಿದೆ, ಒದ್ದೆ ಮಣ್ಣಿನಲ್ಲಿ ನೆಟ್ಟ ಕೋಲಿನಂತೆ ಪಿನ್ ತಿರುಗಿತು. ಮತ್ತೆ ಬಡಿಯಲು ಜಾಗವೂ ಉಳಿದಿರಲಿಲ್ಲ. ದಪ್ಪನೆಯ ಹೊಸ ಪಿನ್‌ಗಳನ್ನು ಕೂರಿಸಿ ತಂತಿಗಳನ್ನೆಲ್ಲ ಬದಲಿಸಬೇಕಿತ್ತು. ಅದರ ಖರ್ಚು ಆ ಪಿಯಾನೋದ ಬೆಲೆಯನ್ನು ಮೀರುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಆ ಮನೆಯ ಹುಡುಗ ಪುಸ್ತಕ ಹಿಡಿದುಕೊಂಡು, ನಾನು ಮುಗಿಸುವುದನ್ನೇ ಕಾಯುತ್ತಿದ್ದ. ಅವನ ಎದುರಿಗೆ ಈ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ತಂದೆಯನ್ನು ಹೊರಗೆ ಕರೆದು ಹೇಳಿದೆ.

ಆದ್ದರಿಂದ "ರೀಬಿಲ್ಡ್" ಎಂಬ ಒಂದು ಪದಕ್ಕೆ ಹಣ ಕೊಡಬೇಡಿ. ಏನೇನು ಬದಲಿಸಿದಿರಿ, ಪಿನ್‌ಗಳೇ, ತಂತಿಗಳೇ, ಸುತ್ತಿಗೆಗಳೇ, ಕೀ ಬಿಟ್ಟಾಗ ನಾದ ನಿಲ್ಲಿಸುವ ಡ್ಯಾಂಪರ್‌ಗಳೇ, ಯಾವಾಗ, ಯಾರು ಮಾಡಿದರು ಎಂದು ಒಂದೊಂದಾಗಿ ಕೇಳಿ. ಹೇಳಿದ್ದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ನಿಜವಾಗಿ ಕೆಲಸ ಮಾಡಿಸಿದವರು ಸಂತೋಷದಿಂದ ಬರೆದುಕೊಡುತ್ತಾರೆ, ಬಿಚ್ಚಿಟ್ಟಾಗ ತೆಗೆದ ಫೋಟೋಗಳನ್ನೂ ತೋರಿಸುತ್ತಾರೆ.

ವಯಸ್ಸಿನ ವಿಷಯದಲ್ಲಿ ಬಾಯಿಮಾತು ಬೇಕಿಲ್ಲ. ಸಾಮಾನ್ಯವಾಗಿ ಮೇಲಿನ ಮುಚ್ಚಳ ಎತ್ತಿದರೆ ಚೌಕಟ್ಟಿನ ಮೇಲೆ ಕ್ರಮಸಂಖ್ಯೆ ಕಾಣುತ್ತದೆ. ಯಮಾಹಾ, ಕವಾಯ್‌ನಂತಹ ದೊಡ್ಡ ತಯಾರಕರ ಕ್ರಮಸಂಖ್ಯೆಗಳಿಂದ ತಯಾರಾದ ವರ್ಷವನ್ನು ಹುಡುಕಬಹುದು. ಆ ಸಂಖ್ಯೆ ರಸೀದಿಯಲ್ಲೂ ಇರಲಿ, ಆಗ ನೋಡಿದ ಪಿಯಾನೋವೇ ಮನೆಗೆ ಬಂದಿದೆಯೇ ಎಂಬುದೂ ಖಾತ್ರಿಯಾಗುತ್ತದೆ. ಕೀಗಳ ಮೇಲಿನ ಹಲಗೆಯಲ್ಲಿ ಬಂಗಾರದ ಅಕ್ಷರಗಳಲ್ಲಿರುವ ಹೆಸರಿಗೂ ತಯಾರಿಸಿದವರಿಗೂ ಸಂಬಂಧ ಇರಲೇಬೇಕೆಂದಿಲ್ಲ. ವಿಲಿಯಂ ನಾಬೆ ಎಂಬುದು 19ನೆಯ ಶತಮಾನದಲ್ಲಿ ಬಾಲ್ಟಿಮೋರ್‌ನ ಹೆಸರಾಂತ ಕಂಪನಿಯದು, ಈಗ ಆ ಹೆಸರು ಕೊರಿಯಾದ ಸ್ಯಾಮಿಕ್ ಕಂಪನಿಯ ಒಡೆತನದಲ್ಲಿದೆ. ಇದರಲ್ಲಿ ಮೋಸವೇನಿಲ್ಲ. ಆದರೆ ಹಳೆಯ ಹೆಸರಿನ ಕಥೆ ಹೇಳಿ ಹೊಸ ಪಿಯಾನೋ ಮಾರುವವರನ್ನು, ಇದು ಯಾವ ಕಾರ್ಖಾನೆಯಲ್ಲಿ ತಯಾರಾಯಿತು ಎಂದು ಕೇಳಲೇಬೇಕು.

ಇನ್ನು ಕೆಳಗಿನ ಹಲಗೆಯ ಮಾತು. ಬಹುತೇಕ ಅಪ್‌ರೈಟ್‌ಗಳಲ್ಲಿ ಅದನ್ನು ಹಿಡಿದಿರುವುದು ಒಂದು ಸ್ಪ್ರಿಂಗ್ ಪಟ್ಟಿ. ಬೆರಳಿನಿಂದ ಮೇಲಕ್ಕೆ ಒತ್ತಿದರೆ ಹಲಗೆ ಕೈಗೆ ಬರುತ್ತದೆ. ದಿನಾ ಪಿಯಾನೋ ಮಾರುವವರಿಗೆ ಇದು ಗೊತ್ತಿಲ್ಲದೆ ಇರುವುದಿಲ್ಲ. ಆ ಅಂಗಡಿಯನ್ನು ಮರೆತುಬಿಡಿ. ಕೆಳಗಿನ ಹಲಗೆ ತೆಗೆದಾಗಲೇ ಸೌಂಡ್‌ಬೋರ್ಡ್ ಎಂಬ ನಾದ ಹಿಗ್ಗಿಸುವ ತೆಳು ಮರದ ಹಲಗೆ, ದಪ್ಪ ತಂತಿಗಳು, ತುಕ್ಕು, ನೀರು ನಿಂತ ಕಲೆ, ನುಸಿ ತಿಂದ ಫೆಲ್ಟ್ ಎಂಬ ಉಣ್ಣೆಯ ಬಟ್ಟೆ ಎಲ್ಲ ಕಾಣುವುದು. ಸೌಂಡ್‌ಬೋರ್ಡಿನಲ್ಲಿ ಸಣ್ಣ ಸೀಳು ಕಂಡರೆ ಗಾಬರಿ ಬೇಡ, ನುಡಿಸುವಾಗ ಗುಂಯ್‌ಗುಡದಿದ್ದರೆ ವರ್ಷಗಟ್ಟಲೆ ನಡೆಯುತ್ತದೆ. ತಂತಿಗಳು ಹಾದುಹೋಗುವ ಬ್ರಿಡ್ಜ್ ಎಂಬ ಮರದ ಪಟ್ಟಿಯಲ್ಲಿ, ಮೊಳೆಗಳ ಸುತ್ತ ಸೀಳಿದ್ದರೆ ಅದು ದೊಡ್ಡ ವಿಷಯ.

ತಂತ್ರಜ್ಞರನ್ನು ಖಂಡಿತ ಕರೆದುಕೊಂಡು ಹೋಗಿ. ಆ ಅಂಗಡಿಯ ಕೆಲಸ ಮಾಡುವವರು ಬೇಡ, ಅವರ ಸಂಭಾವನೆಯನ್ನು ನೀವೇ ಕೊಡಿ. ಗಿರಾಕಿಯನ್ನು ಕರೆತಂದ ಟ್ಯೂನರ್‌ಗೂ ಸಂಗೀತ ಶಿಕ್ಷಕರಿಗೂ ಅಂಗಡಿಯವರು ಕಮಿಷನ್ ಕೊಡುವ ರೂಢಿ ಈ ವ್ಯಾಪಾರದಲ್ಲಿ ಹಳೆಯದು. ನನ್ನ ಕೈಗೂ ಲಕೋಟೆ ನೀಡಿದವರಿದ್ದಾರೆ, ನಾನು ಮುಟ್ಟಿಲ್ಲ. ನೇರವಾಗಿ ಕೇಳಿ. ಪ್ರಾಮಾಣಿಕರಿಗೆ ಆ ಪ್ರಶ್ನೆಯಿಂದ ನೋವಾಗುವುದಿಲ್ಲ. ಹೊರಗಿನವರು ಬಂದು ನೋಡುತ್ತಾರೆ ಎಂದಾಗ "ಯಾವಾಗ ಬರುತ್ತೀರಿ?" ಎಂದು ಮಾತ್ರ ಕೇಳುವವರು ನನ್ನ ಅನುಭವದಲ್ಲಿ ಒಳ್ಳೆಯ ವ್ಯಾಪಾರಿಗಳು.

ಉತ್ತರ 2

ಮೇಲಿನವರು ಒಳಗಿನದನ್ನೆಲ್ಲ ಹೇಳಿದ್ದಾರೆ. ನಾನು ನುಡಿಸುವವನು, 46ನೆಯ ವಯಸ್ಸಿನಲ್ಲಿ ಕಲಿಯಲು ಕುಳಿತವನು, ಬೆರಳಿನ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಅಂಗಡಿಗೆ ಹೋದಾಗ ಎಲ್ಲರೂ ತಮಗೆ ಚೆನ್ನಾಗಿ ಬರುವ ಹಾಡನ್ನು ಜೋರಾಗಿ ನುಡಿಸುತ್ತಾರೆ. ಜೋರಾಗಿ ನುಡಿಸಿದರೆ ಎಲ್ಲ ಪಿಯಾನೋಗಳೂ ಒಪ್ಪವಾಗಿಯೇ ಕೇಳಿಸುತ್ತವೆ. ಮಗಳಿಗೆ ಹೇಳಿ, ಎಡತುದಿಯಿಂದ ಬಲತುದಿಯವರೆಗೆ 88 ಕೀಗಳನ್ನೂ ಒಂದೊಂದಾಗಿ, ಒಂದೇ ತೂಕದಲ್ಲಿ, ಮಲಗಿದ ಮಗು ಏಳದಷ್ಟು ಮೆಲ್ಲಗೆ ಒತ್ತಲಿ. ಯಾವುದು ಮಾತಾಡುವುದಿಲ್ಲ, ಯಾವುದು ಥಟ್ಟನೆ ಕಿರುಚುತ್ತದೆ, ಬಿಟ್ಟ ಮೇಲೂ ಯಾವುದರ ನಾದ ಉಳಿದುಕೊಳ್ಳುತ್ತದೆ, ಎಲ್ಲವೂ ಆಗ ತಿಳಿಯುತ್ತದೆ. ಆಮೇಲೆ ಒಂದೇ ಕೀಯನ್ನು ಬೇಗ ಬೇಗ ಮರಳಿ ಒತ್ತಿ ನೋಡಲಿ. ತಂತಿಗಳು ಅಡ್ಡಲಾಗಿ ಮಲಗಿರುವ ಗ್ರ್ಯಾಂಡ್ ಪಿಯಾನೋಗಳಿಗೆ 1821ರಲ್ಲಿ ಪ್ಯಾರಿಸ್ಸಿನ ಎರಾರ್ ರೂಪಿಸಿದ ಡಬಲ್ ಎಸ್ಕೇಪ್‌ಮೆಂಟ್ ಇದೆ, ಕೀ ಪೂರ್ತಿ ಮೇಲೇಳುವ ಮೊದಲೇ ಮತ್ತೆ ನುಡಿಯುತ್ತದೆ. ಸಾಮಾನ್ಯ ಅಪ್‌ರೈಟಿನಲ್ಲಿ ಆ ಸೌಲಭ್ಯವಿಲ್ಲ, ಕೀ ಹೆಚ್ಚು ಮೇಲೆ ಬರಬೇಕು. ಅದು ದೋಷವಲ್ಲ. ಆದರೆ ಪಕ್ಕದ ಕೀಗಳಿಗಿಂತ ಒಂದೇ ಒಂದು ಕೀ ಸೋಮಾರಿಯಾಗಿದ್ದರೆ ಕೇಳಬೇಕು.

ನಾನು ಮೊದಲು ಮೆಚ್ಚಿದ ಪಿಯಾನೋ ಗಾಜಿನ ಗೋಡೆ, ಬರಿಯ ನೆಲದ ದೊಡ್ಡ ಕೋಣೆಯಲ್ಲಿತ್ತು. ಅದೇ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಬಟ್ಟೆ ಹೊದಿಸಿದ ಪೆಟ್ಟಿಗೆಗಳ ನಡುವೆ ಅದೇ ಮಾದರಿಯ ಇನ್ನೊಂದನ್ನು ನುಡಿಸಿದಾಗ ಬೇರೆ ವಾದ್ಯವೇ ಅನ್ನಿಸಿತು. ನಾದದಲ್ಲಿ ಅರ್ಧದಷ್ಟು ಕೋಣೆಯದು. ಮನೆಯಲ್ಲಿ ಅದು ಎಂತಹ ಕೋಣೆಯಲ್ಲಿ ನಿಲ್ಲುತ್ತದೆ ಎಂದು ನೆನೆಸಿಕೊಂಡು ಕೇಳಿ.

ವ್ಯಾಪಾರಿಯ ವಿಷಯ: ನಾನು ಮೂರು ಅಂಗಡಿಗಳಲ್ಲೂ ಒಂದೇ ಮಾತು ಕೇಳಿದೆ, ಹತ್ತು ನಿಮಿಷ ನನ್ನನ್ನು ಒಬ್ಬನನ್ನೇ ಬಿಡುತ್ತೀರಾ ಎಂದು. ಇಬ್ಬರು ಪಕ್ಕದಲ್ಲೇ ನಿಂತು ಮಾತು ಮುಂದುವರಿಸಿದರು. ಮೂರನೆಯವರು ಫ್ಯಾನ್ ಆರಿಸಿ, ಬಾಗಿಲು ಎಳೆದುಕೊಂಡು ಹೋದರು. ಫ್ಯಾನಿನ ಸದ್ದು ಅಡ್ಡ ಬರಬಾರದೆಂದು ಯೋಚಿಸಿದರಲ್ಲ, ಅಲ್ಲಿಯೇ ನನ್ನ ಮನಸ್ಸು ನಿಂತಿತು. ಕೊಂಡ ಎರಡನೆಯ ತಿಂಗಳಲ್ಲಿ ಒಂದು ತಂತಿ ತುಂಡಾದಾಗ ಮರುದಿನವೇ ಬಂದು ಹಾಕಿಕೊಟ್ಟರು.

ಉತ್ತರ 3

ಅಂಗಡಿಯೇ ಏಕೆ? ಮನೆ ಬದಲಿಸುವವರು, ಮಕ್ಕಳು ದೂರ ಹೋದವರು ಪಿಯಾನೋವನ್ನು ಸುಮ್ಮನೆ ಕೊಟ್ಟುಬಿಡುತ್ತಾರೆ. ನಮಗೆ ಹಾಗೆಯೇ ಸಿಕ್ಕಿತು, ಎರಡು ಸಲ ಟ್ಯೂನ್ ಮಾಡಿಸಿದೆವು, ಆರು ವರ್ಷಗಳಿಂದ ನುಡಿಯುತ್ತಿದೆ.

ಉತ್ತರ 1 ಬರೆದವರಿಂದ

ನಿಮಗೆ ಒಳ್ಳೆಯದೇ ಸಿಕ್ಕಿದ್ದು ಕೇಳಿ ಸಂತೋಷ. ಆದರೆ ಪುಕ್ಕಟೆ ಬಂದ ಪಿಯಾನೋಗಳ ಮುಂದೆ ತಲೆಯ ಮೇಲೆ ಕೈ ಹೊತ್ತು ಕುಳಿತವರನ್ನು ನಾನು ಹೆಚ್ಚು ನೋಡಿದ್ದೇನೆ. ಅಪ್‌ರೈಟ್ ಒಂದು 200ರಿಂದ 250 ಕಿಲೋ ತೂಗುತ್ತದೆ. ಪಿಯಾನೋ ಸಾಗಿಸಿ ಅಭ್ಯಾಸವಿರುವವರೇ ಸಾಗಿಸಬೇಕು. ಹಾಗೆ ತಂದ ಮೇಲೆ ಕೆಟ್ಟಿದೆ ಎಂದು ತಿಳಿದರೆ, ಬಿಸಾಡಲೂ ಅಷ್ಟೇ ಖರ್ಚು. ತರುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಹಾಕಿಕೊಂಡು ನಡುವಿನ 'ಎ' ಸ್ವರವನ್ನು ಒತ್ತಿ ನೋಡಿ. 440 ಹರ್ಟ್ಸ್ ಹತ್ತಿರ ಬರಬೇಕು. 415ರ ಆಸುಪಾಸಿನಲ್ಲಿದ್ದರೆ ಅರ್ಧ ಸ್ವರ ಇಳಿದಿದೆ ಎಂದರ್ಥ. ಬಹುಶಃ ವರ್ಷಗಳಿಂದ ಯಾರೂ ಮುಟ್ಟಿಲ್ಲ, ಅಥವಾ ಪಿನ್‌ಗಳು ಹಿಡಿಯುತ್ತಿಲ್ಲ. ಏರಿಸಲು ಹೋದರೆ ತುಕ್ಕು ಹಿಡಿದ ತಂತಿಗಳು ತುಂಡಾಗಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ವಂದನೆಗಳು. ಮೂರನೆಯ ಅಂಗಡಿಗೆ ಹೊರಗಿನ ತಂತ್ರಜ್ಞೆಯೊಬ್ಬರನ್ನು ಕರೆದುಕೊಂಡು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಹಿರಿಯರು ಮಂಡಿಯೂರಿ ಕುಳಿತು ಕೆಳಗಿನ ಹಲಗೆಯನ್ನು ತೆಗೆದು ಗೋಡೆಗೆ ಒರಗಿಸಿದರು. ನೀವು ಹೇಳಿದಂತೆಯೇ, ಒಂದು ಸ್ಪ್ರಿಂಗ್, ಒಂದು ಬೆರಳು. ತಾವಾಗಿಯೇ ಎರಡು ದಪ್ಪ ತಂತಿಗಳನ್ನು ತೋರಿಸಿದರು. ಉಳಿದವುಗಳ ತಾಮ್ರ ಕಂದಿದ್ದರೆ ಇವೆರಡರದು ಕೆಂಪಗೆ ಹೊಳೆಯುತ್ತಿತ್ತು. "ಹಳೆಯವು ಸತ್ತುಹೋಗಿದ್ದವು, ಇವು ಹೊಸವು, ಇನ್ನೂ ಹಿಗ್ಗುತ್ತವೆ, ಮೂರು ನಾಲ್ಕು ತಿಂಗಳು ಇವೆರಡು ಮಾತ್ರ ಇಳಿಯುತ್ತಾ ಇರುತ್ತವೆ" ಎಂದರು. ಸುತ್ತಿಗೆಗಳ ಫೆಲ್ಟಿನಲ್ಲಿ ತಂತಿಯ ಗೆರೆಗಳು ಬಿದ್ದಿವೆ, ಆದರೆ ಆಳವಾಗಿಲ್ಲ, ಒಮ್ಮೆ ಉಜ್ಜಿ ಸರಿಪಡಿಸಬಹುದು ಎಂದು ತಂತ್ರಜ್ಞೆ ಹೇಳಿದರು. ಪಿನ್‌ಗಳು ಬಿಗಿಯಾಗಿವೆ. ಸುರುಳಿ ಮತ್ತು ಕಬ್ಬಿಣದ ನಡುವಿನ ಸಂದನ್ನು ನಾನೇ ಬಗ್ಗಿ ನೋಡಿದೆ, ಇತ್ತು. ಕ್ರಮಸಂಖ್ಯೆ, ಬದಲಿಸಿದ ಎರಡು ತಂತಿಗಳು, ಮೊದಲ ವರ್ಷ ಎರಡು ಸಲ ಶ್ರುತಿ ಕೂಡಿಸುವ ಮಾತು, ಎಲ್ಲವನ್ನೂ ಅವರೇ ರಸೀದಿಯ ಮೇಲೆ ಬರೆದರು.

ಮುಂದಿನ ವಾರ ಮನೆಗೆ ಬರುತ್ತದೆ. ಕಿಟಕಿಯ ಪಕ್ಕ ಬೆಳಕು ಚೆನ್ನಾಗಿದೆ, ಮಗಳು ಅಲ್ಲೇ ಇಡೋಣ ಎನ್ನುತ್ತಿದ್ದಾಳೆ. ಇಡಬಹುದೇ?

ಉತ್ತರ 1 ಬರೆದವರಿಂದ

ಕಿಟಕಿಯ ಪಕ್ಕ ಬೇಡ. ಬಿಸಿಲು ಬೀಳದ, ಏ.ಸಿ. ಅಥವಾ ಹೀಟರಿನ ಗಾಳಿ ನೇರವಾಗಿ ತಾಗದ, ಮನೆಯ ಒಳಗಿನ ಗೋಡೆ ಆರಿಸಿ, ಗೋಡೆಗೂ ಪಿಯಾನೋಗೂ ನಡುವೆ ಒಂದು ಗೇಣು ಬಿಡಿ. ಚಿಕ್ಕ ತೇವಾಂಶ ಮಾಪಕ ತಂದು ಪಕ್ಕದಲ್ಲಿಡಿ, 40ರಿಂದ 50 ಪ್ರತಿಶತದ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅಂಕಿಗಿಂತಲೂ ಅದು ಏರುಪೇರಾಗದಿರುವುದು ಮುಖ್ಯ.

ಬಂದ ದಿನವೇ ಟ್ಯೂನ್ ಮಾಡಿಸಬೇಡಿ. ಎರಡು ಮೂರು ವಾರ ನಿಮ್ಮ ಮನೆಯ ಗಾಳಿಗೆ ಮರ ಹೊಂದಿಕೊಳ್ಳಲಿ. ಶ್ರುತಿ ಕೂಡಿಸಲು ಅಂಗಡಿಯವರನ್ನು ಕರೆಯುವಾಗ ಮಗಳು ಶಾಲೆಗೆ ಹೋಗಿರುವ ಹೊತ್ತನ್ನು ಆರಿಸಬೇಡಿ. ಮೂರು ತಂತಿಗಳ ಅಲೆ ನಿಧಾನವಾಗುತ್ತಾ ಆಗುತ್ತಾ ಒಂದೇ ನಾದವಾಗಿ ನಿಲ್ಲುವುದನ್ನು ಅವಳು ಪಕ್ಕದಲ್ಲಿ ಕುಳಿತು ಕೇಳಲಿ.