ಅಳೆದು ಕೆಡಿಸಿದ ಕ್ಯೂಬಿಟ್ ಮತ್ತೆ ಸರಿಹೋಗುವುದೇ?

ಪ್ರಶ್ನೆ:
ಮೊಸರು ಹೆಪ್ಪಾಗಿದೆಯೇ ಎಂದು ಪಾತ್ರೆ ಅಲುಗಿಸಿ ನೋಡಿದರೆ ಹೆಪ್ಪೇ ಒಡೆಯುತ್ತದೆ. ಕ್ವಾಂಟಮ್ ಕಂಪ್ಯೂಟರ್‌ನಲ್ಲಿ 0 ಮತ್ತು 1ರ ಬೆರಕೆಯಾಗಿಯೂ ಇರಬಲ್ಲ ಮಾಹಿತಿಯ ಘಟಕವಾದ ಕ್ಯೂಬಿಟ್ ಕಥೆಯೂ ಅದೇ, ಅಳೆದರೆ ಅದರ ಸ್ಥಿತಿ ಕೆಡುತ್ತದೆ ಎಂದುಕೊಂಡಿದ್ದೆ. ಆದರೆ 2014ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಂಡ, ಅಳತೆಯಿಂದಾದ ಏರುಪೇರನ್ನು ಫೀಡ್‌ಬ್ಯಾಕ್ ಕೊಟ್ಟು (ಅಳತೆಯಲ್ಲಿ ಸಿಕ್ಕ ಸುದ್ದಿ ನೋಡಿ ಕೂಡಲೇ ತಿದ್ದಿ) ಹಿಂದಿರುಗಿಸಿತಂತೆ. ಒಡೆದ ಹೆಪ್ಪು ಕೂಡುವುದುಂಟೇ?

ಉತ್ತರ 1 (ಆರು ವರ್ಷ ಪ್ರಯೋಗಾಲಯದಲ್ಲಿ ಕೇಬಲ್ ಬಿಗಿದವನು):
ಪಾತ್ರೆ ಎಷ್ಟು ಅಲುಗಿತು ಎಂದು ಯಾರೂ ಲೆಕ್ಕ ಬರೆದಿಡುವುದಿಲ್ಲ. ಇಲ್ಲಿ ಆ ಲೆಕ್ಕ ತಾನಾಗಿಯೇ ಹೊರಗೆ ಬರುತ್ತದೆ. ಕ್ಯೂಬಿಟ್‌ಗೆ ಜೋಡಿಸಿದ ರೆಸೊನೇಟರ್‌ಗೆ (ನಿರ್ದಿಷ್ಟ ಆವರ್ತನದಲ್ಲಿ ಅನುರಣಿಸುವ ಸರ್ಕ್ಯೂಟ್) ಮೈಕ್ರೋವೇವ್ ಕಳುಹಿಸಿ ಅಳೆಯುತ್ತೇವೆ. ಅದರೊಳಗಿನ ಫೋಟಾನ್‌ಗಳ, ಅಂದರೆ ಮೈಕ್ರೋವೇವ್ ಕಣಗಳ, ಸಂಖ್ಯೆ ಏರಿಳಿದಂತೆಲ್ಲ ಕ್ಯೂಬಿಟ್‌ನ ಆವರ್ತನ ಸರಿದು, ಫೇಸ್ (0 ಮತ್ತು 1ರ ಬೆರಕೆಯ ಕೋನ) ಅಡ್ಡಾದಿಡ್ಡಿ ತಿರುಗುತ್ತದೆ. ಹೊರಬರುವ ಅಲೆಗೆ ಎರಡು ಮುಖ: ಒಂದರಲ್ಲಿ 0 ಅಥವಾ 1 ಎಂಬ ಸುದ್ದಿ, ಇನ್ನೊಂದರಲ್ಲಿ ಫೇಸ್ ಎಷ್ಟು ತಿರುಗಿತು ಎಂಬ ಸುದ್ದಿ. ಎರಡನೆಯದನ್ನು ಮಾತ್ರ ವರ್ಧಿಸಿ ಓದಿದರೆ ಅಷ್ಟೇ ಕೋನ ಹಿಂದಕ್ಕೆ ತಿರುಗಿಸಬಹುದು. ಮೊದಲನೆಯದನ್ನು ಓದಿದಿರೋ, ಕ್ಯೂಬಿಟ್ ಒಂದು ಕಡೆಗೆ ವಾಲುತ್ತದೆ. ಮೂಲ ಸ್ಥಿತಿ ಗೊತ್ತಿಲ್ಲದಿದ್ದರೆ ಬರೀ ತಿರುಗಿಸಿ ಅದನ್ನು ಮರಳಿ ತರಲಾಗದು.

ಯಾವ ಮುಖ ವರ್ಧಿಸಬೇಕೆಂಬುದು ಆಂಪ್ಲಿಫೈಯರ್‌ಗೆ ಶಕ್ತಿ ಕೊಡುವ ಮೈಕ್ರೋವೇವ್ ಅಲೆಯ, ಅಂದರೆ ಪಂಪ್‌ನ, ಫೇಸ್ (ಏರಿಳಿತದ ಕೋನ) ಮೇಲಿದೆ. ಒಮ್ಮೆ ಫೀಡ್‌ಬ್ಯಾಕ್ ಹಾಕಿದಾಗ ಕ್ಯೂಬಿಟ್ ಮೊದಲಿಗಿಂತ ಬೇಗ ಕೆಡತೊಡಗಿತು. ಎರಡು ದಿನ ಪ್ರೋಗ್ರಾಂ ಜಾಲಾಡಿದೆ. ತಪ್ಪು ನನ್ನದೇ: ಪಂಪ್‌ಗೆ ಹೊಸದಾಗಿ ಹಾಕಿದ್ದ ಕೇಬಲ್ ಹಳೆಯದಕ್ಕಿಂತ 8 ಮಿಲಿಮೀಟರ್ ಉದ್ದವಿತ್ತು, ಕೋನವನ್ನು ಮತ್ತೆ ಹೊಂದಿಸಿರಲಿಲ್ಲ. 6 ಗಿಗಾಹರ್ಟ್ಸ್ ಅಲೆಯ ಉದ್ದ ಕೇಬಲ್‌ನೊಳಗೆ ಸುಮಾರು 3.3 ಸೆಂಟಿಮೀಟರ್, ಕಾಲುಭಾಗ ಹೆಚ್ಚಾದರೆ ಸರಿಯಾಗಿ ಬೇಡದ ಮುಖವೇ ಸಿಗುತ್ತದೆ. ಸಂಬಂಧವೇ ಇಲ್ಲದ ಸಂಖ್ಯೆ ನೋಡಿ ಕ್ಯೂಬಿಟ್ ತಿರುಗಿಸುತ್ತಿದ್ದೆ.

ಉತ್ತರ 2:
2012ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಇರ್ಫಾನ್ ಸಿದ್ದಿಕಿ ಅವರ ತಂಡ ಮಾಡಿದ್ದನ್ನೂ ನೋಡಿ. ದುರ್ಬಲವಾಗಿ ಅಳೆಯುತ್ತಲೇ ತಿದ್ದುತ್ತ ಹೋಗಿ, ರಾಬಿ ಆಂದೋಲನ (ಕ್ಯೂಬಿಟ್ 0 ಮತ್ತು 1ರ ನಡುವೆ ತೂಗಾಡುವುದು) ಆರಿಹೋಗದಂತೆ ಹಿಡಿದಿಟ್ಟರು. ಅದರ ಮೊದಲ ಲೇಖಕ ಆರ್. ವಿಜಯ್ ಈಗ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಡೆಲ್ಫ್ಟ್‌ನಲ್ಲಿ ಅಳತೆಯ ದಕ್ಷತೆ (ಹೊರಬಂದ ಸುದ್ದಿಯಲ್ಲಿ ಓದಲು ಸಿಗುವ ಪಾಲು) ಸುಮಾರು 0.5 ಮಾತ್ರ ಎಂದಿದೆ. ಉಳಿದ ಅರ್ಧ?

ಉತ್ತರ 1:
ದಾರಿಯಲ್ಲೇ ಸೋರುತ್ತದೆ. ಕ್ಯೂಬಿಟ್ ಇರುವ ಚಿಪ್ ಮತ್ತು ಆಂಪ್ಲಿಫೈಯರ್ ನಡುವಿನ ಸರ್ಕ್ಯುಲೇಟರ್ (ಅಲೆಯನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೀರಿಕೊಂಡ ಫೋಟಾನ್ ತನ್ನ ಲೆಕ್ಕವನ್ನೂ ಒಯ್ಯುತ್ತದೆ. ನಾವು ಎರಡರಲ್ಲಿ ಒಂದು ಸರ್ಕ್ಯುಲೇಟರ್ ತೆಗೆದು ನೋಡಿದೆವು. ಪಂಪ್ ಹಿಮ್ಮುಖವಾಗಿ ಚಿಪ್‌ಗೇ ಸೋರಿ ಕ್ಯೂಬಿಟ್ ಇನ್ನೂ ಕೆಟ್ಟಿತು. ಚಿಪ್ ಇಟ್ಟಿರುವ ಅತಿಶೀತ ಫ್ರಿಜ್ಜನ್ನು ಬಿಸಿಮಾಡಿ ಮತ್ತೆ ತಣ್ಣಗಾಗಿಸುವುದರಲ್ಲಿ ಒಂದು ವಾರ ಹೋಯಿತು. ತೆಗೆದದ್ದನ್ನೇ ಮತ್ತೆ ಬಿಗಿದೆವು.