ವಿದ್ಯಾರ್ಥಿಯ ಯಶಸ್ಸನ್ನು ಯಾವುದರಿಂದ ಅಳೆಯಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ‘ವಿದ್ಯಾರ್ಥಿಯ ಯಶಸ್ಸು’ ಎಂಬುದಕ್ಕೆ ಒಂದು ವ್ಯಾಖ್ಯೆಯನ್ನು ಸಿದ್ಧಪಡಿಸುವ ಕೆಲಸವನ್ನು ನಮ್ಮ ಕಾಲೇಜಿನ ಗುಣಮಟ್ಟ ಸಮಿತಿ ನನಗೆ ವಹಿಸಿದೆ. ಈಗಿನ ಕರಡಿನಲ್ಲಿ ಇರುವುದು ಮೂರೇ ಅಂಶ: ತೇರ್ಗಡೆಯ ಪ್ರಮಾಣ, ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರು, ಕೆಲಸಕ್ಕೆ ಸೇರಿದವರು. ಇವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮನೆಯ ಹೊಣೆಯಿಂದಾಗಿ ನಡುವೆ ಒಂದು ವರ್ಷ ಓದು ನಿಲ್ಲಿಸಿ, ಮರಳಿ ಬಂದು, ಬಾಕಿ ಉಳಿದಿದ್ದ ವಿಷಯಗಳನ್ನೆಲ್ಲ ಒಂದೇ ಸಲಕ್ಕೆ ಪಾಸು ಮಾಡಿಕೊಂಡ ವಿದ್ಯಾರ್ಥಿನಿಯೂ ಈ ಕೋಷ್ಟಕದಲ್ಲಿ ವಿಫಲರ ಸಾಲಿಗೇ ಸೇರುತ್ತಾಳೆ ಎಂಬುದನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಈ ವಿಷಯವನ್ನು ಅಧ್ಯಯನ ಮಾಡಿದವರು ಏನು ಹೇಳಿದ್ದಾರೆ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ತಾವು ಎತ್ತಿರುವ ತೊಡಕು ಬಹಳ ಹಳೆಯದು ಮೇಡಂ. ಅಮೆರಿಕದಲ್ಲಿ 1990ರ ಕಾನೂನೊಂದರ ಪ್ರಕಾರ ಕಾಲೇಜುಗಳು ಪದವಿ ಪೂರೈಸಿದವರ ಪ್ರಮಾಣವನ್ನು ಪ್ರಕಟಿಸಬೇಕಾಗುತ್ತದೆ. ಅದಕ್ಕೆ ಸಾಮಾನ್ಯ ಅವಧಿಯ ಒಂದೂವರೆ ಪಟ್ಟು ಕಾಲವನ್ನು, ಅಂದರೆ 4 ವರ್ಷದ ಪದವಿಗೆ 6 ವರ್ಷವನ್ನು, ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಸಡಿಲಿಕೆ ಒಳ್ಳೆಯದೇ. ಆದರೆ ಆ ಲೆಕ್ಕದೊಳಗೆ ಬರುವವರು ಮೊದಲ ಬಾರಿಗೆ, ಪೂರ್ಣಾವಧಿಗೆ ದಾಖಲಾದವರು ಮಾತ್ರ. ಅರೆಕಾಲಿಕವಾಗಿ ಸೇರಿದವರು ಅದರಲ್ಲಿ ಕಾಣುವುದೇ ಇಲ್ಲ. ಇನ್ನು ಬೇರೆ ಕಾಲೇಜಿಗೆ ಹೋಗಿ ಅಲ್ಲಿ ಪದವಿ ಪಡೆದವರನ್ನು ಮೊದಲ ಕಾಲೇಜು ಪೂರೈಸಿದವರೆಂದು ತೋರಿಸುವಂತಿಲ್ಲ. ಆದ್ದರಿಂದ ಯಾವ ಅಂಶವನ್ನು ಸೇರಿಸಬೇಕು ಎಂದು ಯೋಚಿಸುವುದಕ್ಕೂ ಮೊದಲು, ಯಾರನ್ನು ಎಣಿಕೆಯಿಂದ ಹೊರಗಿಡುತ್ತಿದ್ದೇವೆ ಎಂಬುದನ್ನು ಕರಡಿನಲ್ಲೇ ಸ್ಪಷ್ಟವಾಗಿ ಬರೆಯಿರಿ ಎಂಬುದು ನನ್ನ ಸಲಹೆ.

ಉತ್ತರ 2

2015ರಲ್ಲಿ ಯಾರ್ಕ್, ಗಿಬ್ಸನ್ ಮತ್ತು ರಾಂಕಿನ್ ಎಂಬ ಸಂಶೋಧಕರು ಈ ಕುರಿತ ಬರಹಗಳನ್ನು ಒಟ್ಟಾಗಿ ಪರಿಶೀಲಿಸಿ, ಶೈಕ್ಷಣಿಕ ಯಶಸ್ಸಿನಲ್ಲಿ ಆರು ಅಂಶಗಳನ್ನು ಗುರುತಿಸಿದರು: ಪರೀಕ್ಷೆಯ ಸಾಧನೆ, ಕಲಿಕೆಯ ಗುರಿಗಳ ಈಡೇರಿಕೆ, ಕೌಶಲಗಳ ಗಳಿಕೆ, ತೃಪ್ತಿ, ಓದನ್ನು ಬಿಡದೆ ಮುಂದುವರಿಸುವುದು, ನಂತರದ ವೃತ್ತಿಜೀವನ. ಹೆಚ್ಚಿನ ಅಧ್ಯಯನಗಳು ಅಳೆದಿದ್ದು ಅಂಕಗಳನ್ನೇ ಎಂಬುದನ್ನೂ ಅವರು ಕಂಡುಕೊಂಡರು. ಅಂಕ ಕಚೇರಿಯ ಕಡತದಲ್ಲಿ ಸಿದ್ಧವಾಗಿಯೇ ಇರುತ್ತದೆ, ಉಳಿದವನ್ನು ನಾವೇ ಹುಡುಕಿ ಕೇಳಿ ತಿಳಿಯಬೇಕು.

ಅಂಕವನ್ನು ಬಳಸುವುದಾದರೂ ಅದರ ಹಿಂದಿನ ದಾರಿಯನ್ನು ನೋಡಲೇಬೇಕು. ಪದವಿಯ ಕೊನೆಯಲ್ಲಿ ಇಬ್ಬರಿಗೆ ಶೇ. 62 ಬಂದಿದೆ ಎಂದಿಟ್ಟುಕೊಳ್ಳಿ. ಒಬ್ಬನು ಸೇರುವಾಗ ಶೇ. 85 ಇದ್ದವನು, ಇನ್ನೊಬ್ಬಳು ಶೇ. 40ರಲ್ಲಿ ಹೇಗೋ ದಾಟಿ ಬಂದವಳು. ಕೋಷ್ಟಕ ಇಬ್ಬರನ್ನೂ ಸಮವೆಂದು ತೋರಿಸುತ್ತದೆ. ವಿದ್ಯಾರ್ಥಿ ಏನನ್ನು ತಂದನು, ಎಂಥ ಪರಿಸರದಲ್ಲಿ ಕಲಿತನು, ಕೊನೆಗೆ ಏನನ್ನು ಪಡೆದನು ಎಂಬ ಮೂರನ್ನೂ ಜೊತೆಯಾಗಿ ನೋಡದೆ ಸಂಸ್ಥೆಯ ಪಾಲು ಎಷ್ಟೆಂದು ಹೇಳಲಾಗದು ಎಂಬುದು ಉನ್ನತ ಶಿಕ್ಷಣದ ಅಮೆರಿಕನ್ ಸಂಶೋಧಕ ಅಲೆಕ್ಸಾಂಡರ್ ಆಸ್ಟಿನ್ ಅವರ ಮಾದರಿಯ ತಿರುಳು.

ಉತ್ತರ 3

ಮೇಲಿನ ಮಾತುಗಳನ್ನು ಒಪ್ಪುತ್ತಲೇ ಒಂದು ಆತಂಕವನ್ನು ಹೇಳಬೇಕಾಗಿದೆ. ಆರಂಭದ ಮಟ್ಟವನ್ನು ಪರಿಗಣಿಸುವ ನೆಪದಲ್ಲಿ ‘ಇವರಿಂದ ಇಷ್ಟಾದರೆ ಸಾಕು’ ಎಂಬ ಧೋರಣೆ ಬಹುಬೇಗ ಒಳಗೆ ಬರುತ್ತದೆ, ಮತ್ತು ಅದರಿಂದ ನಷ್ಟವಾಗುವುದು ಹಿಂದುಳಿದ ಮಕ್ಕಳಿಗೇ. ಒಂದು ಪುಟವನ್ನು ಓದಿ ಅದರ ವಾದವನ್ನು ಸ್ವಂತ ವಾಕ್ಯಗಳಲ್ಲಿ ಬರೆಯಲು ಬಾರದವನು ಎಷ್ಟೇ ಪ್ರಗತಿ ಸಾಧಿಸಿದ್ದರೂ ನಾವು ಅವನಿಗೆ ಕೊಡಬೇಕಾದದ್ದನ್ನು ಪೂರ್ತಿ ಕೊಟ್ಟಿಲ್ಲ. ಹಾಗಾಗಿ ಎಲ್ಲರಿಗೂ ಅನ್ವಯಿಸುವ ಒಂದು ಕನಿಷ್ಠ ಮಟ್ಟವನ್ನು ನಿಗದಿಪಡಿಸಿ, ಅದರ ಮೇಲೆ ವೈಯಕ್ತಿಕ ಪ್ರಗತಿಯನ್ನು ಬೇರೆಯಾಗಿ ದಾಖಲಿಸುವುದು ಸರಿ ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಕನಿಷ್ಠ ಮಟ್ಟ ಮತ್ತು ಪ್ರಗತಿಗೆ ಎರಡು ಪ್ರತ್ಯೇಕ ಕಾಲಂಗಳನ್ನಿಟ್ಟು, ಓದು ನಿಲ್ಲಿಸಿ ಮರಳಿದವರಿಗೂ ಬೇರೆಡೆಗೆ ವರ್ಗವಾದವರಿಗೂ ಪ್ರತ್ಯೇಕ ಸಾಲುಗಳನ್ನು ಸೇರಿಸಿ ಕರಡನ್ನು ತಿದ್ದುತ್ತೇನೆ. ದಾಖಲಾತಿಯ ಸಮಯದಲ್ಲೇ ‘ಇಲ್ಲಿ ಏನನ್ನು ಕಲಿಯಬೇಕೆಂದು ಬಂದಿದ್ದೀರಿ’ ಎಂದು ಬರೆಸಿಕೊಂಡು, ಕೊನೆಯ ವರ್ಷದಲ್ಲಿ ಅದೇ ಹಾಳೆಯನ್ನು ಅವರ ಮುಂದಿಟ್ಟು ಕೇಳುವ ಯೋಚನೆಯೂ ಇದೆ. ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದರೆ, ಹೋಗುತ್ತ ಹೋಗುತ್ತ ಬದಲಾಗುವ ಗುರಿಗಳನ್ನು ಹೇಗೆ ದಾಖಲಿಸಿದಿರಿ ಎಂದು ತಿಳಿಸುವಿರಾ?