ರಾತ್ರಿ 2ರಿಂದ 4ರ ರೀಡಿಂಗ್ ನೋಡ್ರಿ: ನೀರಿನ ಬಿಲ್ಲಿನ ಬಗ್ಗೆ ನಮ್ಮ ಬಡಾವಣಿ ಗುಂಪಿನ ಚರ್ಚಾ

ಅಡ್ಮಿನ್: ಬಿಲ್ ಜಾಸ್ತಿ ಬಂದದ ಅನ್ನೋರು ಅರ್ಜಿ ಬರಿಯೂಕಿಂತ ಮೊದಲ ತಾಸ್ ತಾಸಿನ ಅಂಕಿ ತಾನ ಬರದಿಡೋ ಹೊಸ ಮೀಟರಿನ ರೀಡಿಂಗ್ ತಗೀರಿ. ರಾತ್ರಿ 2ರಿಂದ 4ರ ತನಕ ಎಷ್ಟದ, ಅಷ್ಟ ಸಾಕು. ವಾರದಾಗ ಒಂದು ರಾತ್ರಿನೂ ಸೊನ್ನಿ ಇಲ್ಲಂದ್ರ ಎಲ್ಲೋ ಸೋರಾಕತ್ತದ. ತಾಸಿಗೆ 20 ಲೀಟರ್ ಕಣ್ಣಿಗೆ ಕಾಣೂದಿಲ್ಲ, ತಿಂಗಳಿಗೆ 14,400 ಆಗ್ತದ. ತಲಿಗೆ ದಿನಕ್ಕ 135 ಲೀಟರಿನ ಸರ್ಕಾರಿ ಲೆಕ್ಕದಾಗ ಮೂರು ಮಂದಿಗೆ 12,150 ಅಷ್ಟ.

ಮನಿ ನಂ. 22: ಅಲ್ರೀ, ನೆಲದ ಟಾಕಿ ಇದ್ದೋರು ಹಂಗ ತಿಳ್ಕೋಬ್ಯಾಡ್ರಿ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡಿಗೆ 2008ರಿಂದ 24 ತಾಸು ನಳ ಬಂದ್ರೂ ಮಂದಿ ಟಾಕಿ ಬಿಟ್ಟಿಲ್ಲ. ಅಂಥ ಮನ್ಯಾಗ ಮೀಟರ್ ಎಣಸೂದು ಬಾಲ್ ಕಾಕ್ (ಟಾಕಿ ತುಂಬಿದ್ರ ನೀರು ನಿಲ್ಲಿಸೋ ತೇಲು ಗುಂಡಿನ ನಳ) ಬಿಟ್ಟ ನೀರು, ನಿಮ್ಮ ಸ್ನಾನ-ಬಟ್ಟಿ ಅಲ್ಲ. ಮಲಗೂ ಮುಂದ ಪಂಪ್ ಹಾಕಿ ನೀರು ಮ್ಯಾಲೆ ಏರಿಸಿದ್ರ ನಡುರಾತ್ರಿ ತನಕ ನೆಲದ ಟಾಕಿ ಮತ್ತ ತುಂಬಾಕತ್ತಿರ್ತದ. ಸಂಜಿ 6ಕ್ಕ ಪಂಪ್ ಬಂದ್ ಇಟ್ಟು ನೋಡ್ರಿ.

ಮನಿ ನಂ. 5: ಸೋರೂ ಜಾಗ ಹೆಂಗ ಹುಡುಕೂದ್ರಿ?

ಮನಿ ನಂ. 22: ಟಾಕಿಗೆ ನೀರು ಬೀಳೂ ಕಡೆ ಇರೋ ವಾಲ್ವ್ ಬಂದ್ ಮಾಡ್ರಿ, ಅಂಗಳದ ನಳನೂ. ಮೀಟರ್ ಇನ್ನೂ ಓಡ್ತಂದ್ರ ನೆಲದಾಗಿನ ಪೈಪ್ ಒಡದದ. ನಿಂತ್ರ ಬಾಲ್ ಕಾಕ್ ಇಲ್ಲಾ ಟಾಕಿ. ವಾಲ್ವ್ ಬಂದ್ ಇದ್ದಾಗ ನೀರಿನ ಮಟ್ಟಕ್ಕ ಗುರುತು ಹಾಕ್ರಿ. ಮುಂಜಾನೆ ಇಳಿದಿದ್ರ ಟಾಕಿ ಬಿರುಕು ಬಿಟ್ಟದ. ಇಳಿದಿಲ್ಲಂದ್ರ ಬಾಲ್ ಕಾಕಿನ ವಾಶರ್ ಸವದದ, ಇಲ್ಲಾ ಸುಣ್ಣ ಕೂತದ. ಹೆಚ್ಚಾದ ನೀರಿನ ಪೈಪ್ ಸೀದಾ ಗಟಾರಕ್ಕ ಕೊಟ್ಟಿರ್ತಾರ, ಹಿಂಗಾಗಿ ಯಾರಿಗೂ ಕಾಣೂದಿಲ್ಲ. ಆ ಪೈಪಿನ ಬಾಯಿ ಅಂಗಳದಾಗ ಕಾಣೂ ಹಂಗ ತಿರುಗಿಸ್ರಿ.

ಮನಿ ನಂ. 31: ಮ್ಯಾಲಿನ ಟಾಕಿ ಸೋರಿದ್ರ ಇದರಾಗ ಸಿಗೂದಿಲ್ಲ. ಅದಕ್ಕೂ ಗುರುತು ಹಾಕ್ರಿ. ಒಂದು ಮೀಟರ್ ಅಗಲದ ಗುಂಡನ್ನ ಟಾಕಿಯೊಳಗ 1 ಸೆಂ.ಮೀ. ಅಂದ್ರ ಸುಮಾರು 8 ಲೀಟರ್. ಬಹಳ ಸಲ ಕಳ್ಳ ಫ್ಲಶ್ ಟ್ಯಾಂಕ್. ನಾಕು ಹನಿ ಬಟ್ಟಿ ನೀಲಿ ಹಾಕಿ 20 ನಿಮಿಷ ಬಿಡ್ರಿ, ಫ್ಲಶ್ ಮಾಡದ ಕೆಳಗ ನೀಲಿ ಇಳಿದ್ರ ರಬ್ಬರ್ ಬದಲಿಸ್ರಿ.
ಇನ್ನೊಂದು, ಸೊನ್ನಿ ಬಂತಂತ ಪೂರಾ ನಂಬಬ್ಯಾಡ್ರಿ. ಮೀಟರ್ ಮ್ಯಾಲೆ ಕ್ಯೂ3 2.5 (ತಾಸಿಗೆ 2.5 ಘನ ಮೀಟರ್ ತನಕದ ಹರಿವು), ಆರ್160 (ಅದರ 160ರಾಗ ಒಂದು ಪಾಲಿನ ತನಕ ಲೆಕ್ಕ ಖಾತ್ರಿ) ಅಂತಿದ್ರ ತಾಸಿಗೆ ಸುಮಾರು 16 ಲೀಟರಿಗಿಂತ ಸಣ್ಣ ಹರಿವಿಗೆ ಅದರ ಲೆಕ್ಕಕ್ಕ ಖಾತ್ರಿ ಇಲ್ಲ.

ಮನಿ ನಂ. 5: ಪೈಪಿನ್ಯಾಗಿನ ಗಾಳಿಗೂ ಮೀಟರ್ ತಿರುಗ್ತದಂತಲ್ಲ?

ಮನಿ ನಂ. 31: ಚಕ್ರದ ಮೀಟರ್ ತಿರುಗ್ತದ. ರಿಪೇರಿಗೆ ಲೈನ್ ಖಾಲಿ ಮಾಡಿ ಮತ್ತ ನೀರು ಬಿಟ್ಟ ತಾಸಿನೊಳಗ ಅಂಕಿ ಜಿಗೀತದ. ಒಬ್ಬರ ಮನ್ಯಾಗ ಆದ್ರ ಟಾಕಿ ತುಂಬಿತು ಅಂತಾರ. ಇಡೀ ಓಣಿಗೆ ಅದ ತಾಸಿಗೆ, ಟಾಕಿ ಇಲ್ಲದ ಮನಿಗೂ ಜಿಗಿದಿದ್ರ ಅರ್ಜಿಗೆ ಜೀವ ಬರ್ತದ.

ಅಡ್ಮಿನ್: ರವಿವಾರ ಸಂಜಿ 6ಕ್ಕ ಎಲ್ಲಾರೂ ಪಂಪ್ ಬಂದ್. ಸೋಮವಾರ ನಸುಕಿನ 2ರಿಂದ 4ರ ಅಂಕಿ, ನೆಲದ ಟಾಕಿ ಇದೆಯೋ ಇಲ್ಲೋ, ಇಷ್ಟ ನನಗ ಖಾಸಗಿಯಾಗಿ ಕಳಿಸ್ರಿ. ಪೂರಾ ಗ್ರಾಫ್ ಗುಂಪಿನ್ಯಾಗ ಹಾಕಬ್ಯಾಡ್ರಿ. ಯಾವ ಮನಿ ಎಷ್ಟು ದಿನ ಕೀಲಿ ಹಾಕಿತ್ತು ಅನ್ನೂದು ಅದರಾಗ ಕಾಣ್ತದ.

ಮನಿ ನಂ. 17: ನಮ್ಮಲ್ಲಿ ಮೂರು ಬಾಡಿಗಿ ಮನಿಗೆ ಒಂದ ಮೀಟರ್. ಕಳಿಸೋದೇನ್ರಿ?

ಅಡ್ಮಿನ್: ಕಳಿಸ್ರಿ, ಮೂರು ಮನಿ ಅಂತ ಬರೀರಿ.